ಮಿಗ್ ನಿಲ್ಲಿಸುತ್ತಿದ್ದವನು

ನಮ್ಮ ನೀಲಾ ವಾಯುಪಡೆಯಲ್ಲಿ ಆಫೀಸರ್ ಆದಳು! ಇವತ್ತು ಬೆಳಿಗ್ಗೆ ಲಿಸ್ಟು ಬಂತು. ಮಗ ಮೊಬೈಲಿನ ಮೇಲೆ ಬೆರಳಾಡಿಸುತ್ತ ಕೆಳಗೆ ಕೆಳಗೆ ಹೋದವನು ಒಂದು ಕಡೆ ನಿಂತು, ‘ಅವ್ವಾ’ ಎಂದು ಸುಮ್ಮನಾಗಿಬಿಟ್ಟ. ಕೆಟ್ಟ ಸುದ್ದಿಯೇ ಇರಬೇಕೆಂದು ನಾನು ಜೋಳದ ಹಿಟ್ಟಿನ ಕೈಯಲ್ಲೇ ಎದೆ ಹಿಡಿದುಕೊಂಡೆ. ಆ ಹಿಟ್ಟಿನ ಐದೂ ಬೆರಳು ನನ್ನ ಕುಪ್ಪಸದ ಮೇಲೆ ಇನ್ನೂ ಮೂಡಿಕೊಂಡಿವೆ. ಇರಲಿ, ಇವತ್ತು ತೊಳೆಯುವುದಿಲ್ಲ. ಕುಪ್ಪೇಲೂರಿನ ಹುಡುಗಿ, ನನ್ನ ಮೊಮ್ಮಗಳು, ಯುದ್ಧವಿಮಾನಗಳ ಎಂಜಿನ್ನು ಸರಿಯಿದೆಯೋ ಇಲ್ಲವೋ ಎಂದು ಸಹಿ ಹಾಕುವವಳು! ಅವಳು ಸರಿ ಎಂದರೆ ಮೇಲೇಳಬೇಕು, ಬೇಡ ಎಂದರೆ ನಿಲ್ಲಬೇಕು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನನಗೆ ಇಷ್ಟು ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಬೆಳಗಿನಿಂದ ಓಣಿಯಲ್ಲಿ ಸಕ್ಕರೆ ಹಂಚಿ ಹಂಚಿ ಡಬ್ಬಿ ಖಾಲಿಯಾಗಿದೆ.

ಇಷ್ಟು ಸಂತೋಷದ ನಡುವೆ ನನಗೆ ನೆನಪಿಗೆ ಬಂದವನು ಯಾರು ಅಂತೀರಿ? ಎದುರು ಮನೆಯವನು! ನನಗೆ ಸಿಟ್ಟು ಬಂದಿರುವುದೇ ಅದಕ್ಕೆ. ಈ ಚಳಿಗಾಲದಲ್ಲಿ ಸತ್ತು ಹೋದ. ಸತ್ತದ್ದು ಒಂದು ರೀತಿಯಲ್ಲಿ ನಮಗೆ ಬಿಡುಗಡೆ. ಬದುಕಿದ್ದರೆ ಇವತ್ತು ಈ ಲಿಸ್ಟಿನಲ್ಲಿ ಬಂದದ್ದು ತನ್ನದೇ ಹೆಸರು ಎನ್ನುವ ಹಾಗೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನವರೆಗೂ ಎದೆ ಉಬ್ಬಿಸಿಕೊಂಡು ಹೋಗಿ ಬರುತ್ತಿದ್ದ.

ಅವನು ವಾಯುಪಡೆಯಲ್ಲಿ ಇದ್ದವನು. ಯಾವ ಕೆಲಸ ಎಂದು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಪಿಂಚಣಿ ತೆಗೆದುಕೊಂಡು ಊರಿಗೆ ಬಂದ ದಿನವೇ ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡಿದ್ದ. ಹಾಲು ತರಲು ಹೋಗುವುದಕ್ಕೂ ಬೂಟಿಗೆ ಪಾಲಿಶ್ ಬೇಕು. ಎಮ್ಮೆಗೆ ಹಿಂದಿಯಲ್ಲಿ ‘ಪೀಛೇ ಮುಡ್’, ಅಂದರೆ ಹಿಂದಕ್ಕೆ ತಿರುಗು, ಎಂದು ಒದರುತ್ತಿದ್ದ. ಎಮ್ಮೆ ಅವನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಆಮೇಲೆ ಅವನ ಹೆಂಡತಿ ಶಾಂತಕ್ಕ ಒಳಗಿನಿಂದ ಬಂದು ‘ಹೇ, ಸರಿ ಅತ್ಲಾಗ’ ಎಂದರೆ ಸರಿಯುತ್ತಿತ್ತು.

ಸಂಜೆಯಾದರೆ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದ. ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು: ಮಿಗ್. ರಷ್ಯಾದವರು ಮಾಡಿದ ಯುದ್ಧವಿಮಾನ. ‘ನಾ ನಿಲ್ಲಿಸಿದ್ರ ನಿಲ್ಲತಿತ್ತು ಮಿಗ್. ಇಲ್ಲಾಂದ್ರ ಯಾರಪ್ಪ ಬಂದ್ರೂ ನಿಲ್ಲತಿದ್ದಿಲ್ಲ’ ಎಂದು ಹೇಳಿ, ಕೊನೆಗೆ ‘ಮತ್ತ!’ ಎಂದು ತೊಡೆ ತಟ್ಟುತ್ತಿದ್ದ. ಕೇಳಿದವರು ಇವನು ವಿಮಾನ ಹಾರಿಸುತ್ತಿದ್ದ ಎಂದೇ ತಿಳಿದರು. ನಾನೂ ಹಾಗೇ ತಿಳಿದೆ. ನಮ್ಮ ಕಡೆ ವಿಮಾನಕ್ಕೆ ‘ಇಮಾನ’ ಅನ್ನುವುದು ರೂಢಿ. ಹೀಗಾಗಿ ಓಣಿಯ ತುಂಬ ಇಮಾನಪ್ಪ ಎಂದೇ ಅವನ ಹೆಸರಾಯಿತು. ಆ ಹೆಸರು ಕೇಳಿ ಅವನು ನಾಚಿಕೊಳ್ಳಲಿಲ್ಲ. ಓಗೊಟ್ಟ.

ಇನ್ನೊಂದು ಚಾಳಿ ಹೇಳುತ್ತೇನೆ. ಕೈಗೆ ಏನು ಸಿಕ್ಕರೂ ಮಡಚುವುದು. ಬಸ್ಸಿನ ಟಿಕೀಟು, ಪೇಪರು, ಹೆಗಲ ಮೇಲಿನ ಟಾವೆಲು, ಬಜಿ ಕಟ್ಟಿಕೊಟ್ಟ ಎಣ್ಣೆಯ ಹಾಳೆ ಕೂಡ. ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ, ಬೀಸಣಿಕೆಯ ಹಾಗೆ ಮಡಚುತ್ತ ಹೋಗಿ ಕೊನೆಗೆ ಅಂಗೈಯಿಂದ ಎರಡು ಏಟು ಬಡಿಯುತ್ತಿದ್ದ. ಟಪ್, ಟಪ್. ನಮ್ಮ ಹಗ್ಗದ ಮೇಲೆ ಒಣಗಿದ ಹೊದಿಕೆಗಳನ್ನು ನಾನು ಮುದ್ದೆ ಮಾಡಿ ಒಳಗೆ ಒಯ್ಯುವುದನ್ನು ನೋಡಿದರೆ ‘ಚ್, ಚ್, ಅಕ್ಕಾರ’ ಎಂದು ನಾಲಿಗೆ ಲೊಚಗುಟ್ಟುತ್ತಿದ್ದ. ಮನೆಯಲ್ಲಿ ಬೇರೆ ಕೆಲಸವಿಲ್ಲದ ಗಂಡಸು ಎಂದು ನಾನು ಅಂದುಕೊಳ್ಳುತ್ತಿದ್ದೆ. ಅವನಿಗೆ ಕೇಳುವ ಹಾಗೆಯೇ ಅನ್ನುತ್ತಲೂ ಇದ್ದೆ.

ಮಿಗ್ ಕಂಪನಿಯ ಪುರಾಣವನ್ನು ಅವನು ಹೇಳಲು ಕುಳಿತರೆ ಮುಗಿಯುತ್ತಿರಲಿಲ್ಲ. ಒಮ್ಮೆ ಕೇಳಿದ: “ಅಕ್ಕಾರ, ಮಿಗ್ ಅಂದ್ರ ಏನಂತ ಗೊತ್ತೇನ್ರಿ?”

“ಅಡವ್ಯಾಗ ಇರೂ ಮಿಗ ಇರಬೇಕು. ಜಿಂಕಿ, ಹಂದಿ, ಅಂಥಾದ್ದು” ಎಂದೆ.

“ಅಲ್ರಿ! ಅದು ಇಬ್ಬರ ಹೆಸರು. ‘ಮ’ ಅಂದ್ರ ಒಬ್ಬಾಂವ, ಗುಡ್ಡದ ಊರಾಗ ಹುಟ್ಟಿದ ಬಡಿಗ್ಯಾರ ಮಗ. ‘ಗ’ ಅಂದ್ರ ಇನ್ನೊಬ್ಬಾಂವ, ಲೆಕ್ಕದಾಗ ಭಾಳ ಶಾಣ್ಯಾ, ಮಂದಿ ಮುಂದ ಬಾಯಿನ ಬಿಡತಿದ್ದಿಲ್ಲ. ಇಬ್ಬರೂ ಕೂಡಿ ಕಾರ್ಖಾನಿ ಕಟ್ಟಿದ್ರು. ಇಬ್ಬರ ಹೆಸರಿನ ಮೊದಲ ಅಕ್ಷರ ಕೂಡಿಸಿದ್ರು.”

“ಮತ್ತ ‘ಮ’ದ ಮ್ಯಾಲ ಗುಡಿಸು ಯಾಕ ಬಂತು?” ಎಂದೆ. ನಾಲ್ಕನೆಯ ಇಯತ್ತೆಯಾದರೂ ಕಾಗುಣಿತ ನನಗೆ ಚೆನ್ನಾಗಿ ಬರುತ್ತದೆ.

ಅವನ ಕಣ್ಣು ಅರಳಿತು. “ಭೇಷ್! ಆ ಗುಡಿಸು ಐತೆಲ್ರಿ, ರಷ್ಯಾದ ಮಾತಿನ್ಯಾಗ ಆ ‘ಇ’ ಅಂದ್ರ ‘ಮತ್ತ’ ಅಂತ ಅರ್ಥ. ಇಂಥಾಂವ ಮತ್ತ ಇಂಥಾಂವ. ಇಬ್ಬರನ್ನೂ ಹಿಡದ ಇಟ್ಟದ್ದು ಆ ಗುಡಿಸ.”

“ಅದನ್ನ ತಗದ್ರ?”

“ತಗದ್ರ...” ಎಂದು ತಡೆದು ತಾನೇ ನಕ್ಕ. “ತಗದ್ರ ‘ಮಗ್’ ಆಕ್ಕೈತ್ರಿ. ಜಳಕದ ಮನ್ಯಾಗ ಇಡಬೇಕು.”

ಇದೊಂದು ನನಗೆ ನಗು ಬಂದ ಮಾತು. ಒಪ್ಪಿಕೊಳ್ಳುತ್ತೇನೆ. ಆದರೆ ಅವನನ್ನು ಅಷ್ಟಕ್ಕೇ ಬಿಡುವುದು ಹೇಗೆ? ನಾನು ಮೂವತ್ತು ವರ್ಷ ಬೀಜದ ಪ್ಲಾಟಿನಲ್ಲಿ ದುಡಿದವಳು. ಹತ್ತಿಯ ಬೀಜ ಮಾಡುವ ಹೊಲದಲ್ಲಿ ಒಂದು ಕಡೆ ಗಂಡು ಸಾಲು, ಒಂದು ಕಡೆ ಹೆಣ್ಣು ಸಾಲು ಇರುತ್ತದೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿಟ್ಟು, ಬೆಳಿಗ್ಗೆ ಗಂಡು ಹೂವಿನ ಹುಡಿಯನ್ನು ಅದಕ್ಕೆ ಮುಟ್ಟಿಸಿದರೆ ಕಾಯಿ ಕಟ್ಟುತ್ತದೆ. ಹೊಸ ತಳಿಗೆ ತಂದೆ ತಾಯಿ ಇಬ್ಬರೂ ಬೇಕು. “ತಮ್ಮಾ, ಎರಡೂ ಗಂಡು ಸಾಲ ಹಾಕಿದ್ರ ಕಾಯಿ ಹೆಂಗೋ ಕಟ್ಟತೈತಿ?” ಎಂದೆ. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕಟ್ಟೈತ್ರಿ! ಸಾವಿರಗಟ್ಟಲೆ ಕಟ್ಟೈತಿ! ಜಗತ್ತಿನ ತುಂಬ ಹಾರ್ಯಾವು!” ಎಂದು ಎದ್ದು ಹೋದ. ಹೋಗುವಾಗ ಟಾವೆಲು ಮಡಚಲು ಮರೆಯಲಿಲ್ಲ.

ಇನ್ನೊಂದು ಕಥೆ ಅವನಿಗೆ ಬಲು ಪ್ರೀತಿಯದು. ದೊಡ್ಡ ಯುದ್ಧ ಮುಗಿದ ಮೇಲೆ ರಷ್ಯಾದವರ ಹತ್ತಿರ ಒಳ್ಳೆಯ ಜೆಟ್ ಎಂಜಿನ್ ಇರಲಿಲ್ಲವಂತೆ. ಇಂಗ್ಲಿಷರ ಕಾರ್ಖಾನೆ ನೋಡಲು ಹೋದರಂತೆ. ಹೋದವರಲ್ಲಿ ಒಬ್ಬ ಮೆತ್ತನೆ ಅಟ್ಟೆಯ ಬೂಟು ಹಾಕಿಕೊಂಡು ಹೋಗಿ, ನೆಲದ ಮೇಲೆ ಬಿದ್ದ ಲೋಹದ ಚೂರುಗಳನ್ನು ತುಳಿದು, ಅಟ್ಟೆಗೆ ಅಂಟಿಸಿಕೊಂಡು ಬಂದನಂತೆ. ಎಂಜಿನ್ನಿನ ಲೋಹ ಯಾವುದೆಂದು ಹಾಗೆ ತಿಳಿದುಕೊಂಡರಂತೆ. ಖರೆಯೋ ಸುಳ್ಳೋ ಅವನಿಗೂ ಗೊತ್ತಿರಲಿಲ್ಲ. ಆದರೆ ತಾನೇ ಆ ಬೂಟು ಹಾಕಿಕೊಂಡಿದ್ದವನ ಹಾಗೆ ಕಟ್ಟೆಯ ಮುಂದೆ ಮೆಲ್ಲಗೆ ನಡೆದು ತೋರಿಸುತ್ತಿದ್ದ.

“ಇದೇನ್ ದೊಡ್ಡ ಶಾಣ್ಯಾತನ?” ಎಂದೆ. “ನಮ್ಮ ಪ್ಲಾಟಿನ್ಯಾಗ ಗಂಡು ಹೂ ಒಯ್ದಾರು ಅಂತ ದಿನಾ ಸಂಜೀಕ ಸೆರಗ ಜಾಡಿಸಿ ನೋಡತಿದ್ರು. ಆ ಇಂಗ್ಲಿಷರ ಕಾರ್ಖಾನ್ಯಾಗ ಒಬ್ಬಾಕಿ ನಮ್ಮಂಥಾ, ಆಳಿನ ಮ್ಯಾಲ ಕಣ್ಣಿಡೂ ಮೇಟಿ ಇದ್ದಿದ್ರ, ಬೂಟ ಬಿಚ್ಚಸ್ತಿದ್ಲು.”

ಕದರಮಂಡಲಗಿಯ ಆಂಜನೇಯನ ಗುಡಿಗೆ ನಮ್ಮೆರಡು ಮನೆಯವರು ಕೂಡಿ ಹೋದಾಗ ಮಾಡಿದ್ದನ್ನಂತೂ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು. ಕೈ ಮುಗಿದು ನಿಂತವನು ಪೂಜಾರಿಯನ್ನು ಕೇಳುತ್ತಾನೆ: “ಹನುಮಪ್ಪಗ ಬಾಲ ಯಾಕ ಕೊಟ್ಟಾನ ದೇವರು, ಹೇಳ್ರಿ ನೋಡೋಣು? ಹಾರಾಕ ಬಾಲ ಬೇಕಾಗೂದಿಲ್ರಿ. ಇಳಿಯಾಕ ಬೇಕು. ನಿಲ್ಲಸೂದ ಎಲ್ಲಾ ಬಾಲದಾಗ ಇರತೈತಿ. ಮತ್ತ!” ಪೂಜಾರಿ ತೀರ್ಥದ ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಶಾಂತಕ್ಕ ಗಂಡನ ತೋಳು ಜಿಗುಟಿ ಹೊರಗೆ ಎಳೆದುಕೊಂಡು ಹೋದಳು.

ಈ ಜಂಬವೆಲ್ಲ ನಮ್ಮ ಕಟ್ಟೆಯ ಮೇಲೆಯೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದು ನೀಲಾಳ ತಲೆಗೂ ಹೋಯಿತು. ಚಿಕ್ಕವಳಿದ್ದಾಗಿನಿಂದ ಅವನ ಎದುರು ಕೂತು ಬಾಯಿ ತೆರೆದು ಕೇಳಿದವಳು. ಹಾವೇರಿಯಲ್ಲಿ ಎಂಜಿನಿಯರಿಂಗ್ ಓದುವಾಗ ವಾಯುಪಡೆಗೇ ಹೋಗುತ್ತೇನೆ ಎಂದು ಹಟ ಹಿಡಿದಳು. ಪರೀಕ್ಷೆ ಪಾಸಾಯಿತು. ಮೈಸೂರಿನಲ್ಲಿ ಐದು ದಿನ ಸಂದರ್ಶನ. ಅಲ್ಲಿ ದೊಡ್ಡ ಅಧಿಕಾರಿಯೊಬ್ಬರು, ‘ನಿನಗೆ ಈ ಆಸೆ ಯಾರಿಂದ ಬಂತು?’ ಎಂದರಂತೆ. ಇವಳು ಹೆಮ್ಮೆಯಿಂದ, ‘ನಮ್ಮ ಎದುರು ಮನೆಯ ಅಜ್ಜ ಮಿಗ್ ಹಾರಿಸುತ್ತಿದ್ದರು’ ಎಂದಳಂತೆ. ಯಾವ ದಳ, ಯಾವ ದರ್ಜೆ, ಯಾವ ಊರು ಎಂದು ಅವರು ಒಂದೊಂದೇ ಕೇಳುತ್ತ ಹೋದರು. ಇವಳು ಅವನ ಮನೆಯ ಫೋಟೋದಲ್ಲಿ ನೋಡಿದ ತೋಳಿನ ಪಟ್ಟಿಯನ್ನು ವರ್ಣಿಸಿದಳು. ‘ಅಂಥ ಪಟ್ಟಿ ಇದ್ದವರು ವಿಮಾನ ಹಾರಿಸುವುದಿಲ್ಲಮ್ಮ’ ಎಂದು ಅವರು ಮೆಲ್ಲಗೆ ಹೇಳಿದರಂತೆ. ಅಲ್ಲಿಂದ ಮುಂದೆ ಇವಳು ಗೊತ್ತಿದ್ದುದನ್ನೂ ತಪ್ಪು ತಪ್ಪಾಗಿ ಹೇಳಿದಳು. ಫೇಲಾಗಿ ಮನೆಗೆ ಬಂದಳು. ಕಾರಣವನ್ನು ಅವರು ಹೇಳುವುದಿಲ್ಲ. ಇವಳಿಗೆ ಮಾತ್ರ ಗೊತ್ತಿತ್ತು. ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಾನು ಸೆರಗು ಸಿಕ್ಕಿಸಿಕೊಂಡು ಓಣಿ ದಾಟಿದೆ. ಅವನು ಬೂಟಿಗೆ ಪಾಲಿಶ್ ತಿಕ್ಕುತ್ತ ಕೂತಿದ್ದ.

“ಎದ್ದ ನಿಲ್ಲೋ ತಮ್ಮಾ. ನೀ ಯಾವಾಗ ಇಮಾನ ಹಾರಿಸಿದಿ?”

“ನಾ ಹಾರಿಸೇನಿ ಅಂತ ಯಾವಾಗ ಹೇಳೇನ್ರಿ ಅಕ್ಕಾರ?”

“ಮೂವತ್ತ ವರ್ಷ ಆತು ದಿನಾ ಹೇಳಾಕತ್ತೀದಿ!”

“ನಿಲ್ಲಿಸ್ತಿದ್ದೆ ಅಂದೇನಿ. ಹಾರಿಸ್ತಿದ್ದೆ ಅಂದಿಲ್ಲ. ನೆನಪ ಮಾಡ್ಕೊಳ್ರಿ.”

ನೆನಪು ಮಾಡಿಕೊಂಡೆ. ಹೌದು. ಅವನು ಒಮ್ಮೆಯೂ ಹಾಗೆ ಅಂದಿರಲಿಲ್ಲ. ಅದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು. “ಯಾತರಲೆ ನಿಲ್ಲಿಸ್ತಿದ್ದಿ? ಕೈ ಅಡ್ಡ ಹಿಡಿದೇನು?”

“ಅರಿವೀಲೆ” ಎಂದು ಹೆಗಲ ಮೇಲಿನ ಟಾವೆಲು ತೋರಿಸಿದ.

“ಏನ?”

“ಅರಿವೀಲೆ ರೀ. ಮಿಗ್ ಭಾಳ ಜೋರ ಇಳೀತೈತಿ, ಬರೇ ಬ್ರೇಕಿಗೆ ನಿಲ್ಲೂದಿಲ್ಲ. ಬಾಲದಾಗ ಒಂದ ದೊಡ್ಡ ಅರಿವಿ ಇರತೈತಿ, ಛತ್ರಿ ಇದ್ದಂಗ. ಇಳಿದ ಕೂಡ್ಲೆ ಅದು ಬಿಚ್ಕೊಂಡು ಗಾಳಿ ಹಿಡೀತೈತಿ. ಆವಾಗ ನಿಲ್ಲತೈತಿ. ಪ್ರತಿ ಸಲಾನೂ ಅದನ್ನ ಒಣಗಿಸಿ, ಮಡಚಿ, ಒಳಗ ತುಂಬಬೇಕು. ಆ ಮಡಚೂ ಕೆಲಸ ನಂದು.”

ಅಷ್ಟರಲ್ಲಿ ಓಣಿಯ ಅರ್ಧ ಜನ ಬಾಗಿಲಿಗೆ ಬಂದಿದ್ದರು. ನನಗೆ ಅದೇ ಬೇಕಾಗಿತ್ತು. “ಕೇಳಿದ್ರೇನ್ರಿ? ಇಷ್ಟ ವರ್ಷ ಅರಿವಿ ಮಡಚಿ ಬಂದಾನ ಈ ಇಮಾನಪ್ಪ! ಹಾರಿಸಿದಾಂವ ಒಬ್ಬ, ಕಟ್ಟಿದಾವ್ರು ಇಬ್ಬರು, ನಡಕ ನೀ ಬರೇ ಆ ಗುಡಿಸು! ಅಗಸರ ಕೆಲಸ ಮಾಡಿ ನನ್ನ ಮೊಮ್ಮಗಳ ಬಾಳೇನೂ ಮಡಚಿ ಇಟ್ಟೆಲ್ಲೋ!”

ಜನ ನಕ್ಕರು. ಅವನ ಮುಖ ಬಿಳಿಚಿಕೊಂಡಿತು. ಜಗಳವಾಡುತ್ತಾನೆ ಎಂದುಕೊಂಡೆ. ಅವನು ಬೂಟು ಬದಿಗಿಟ್ಟು, ನನ್ನ ಹಿಂದೆ ಬಂದು ನಿಂತಿದ್ದ ನೀಲಾಳನ್ನು ನೋಡಿ, “ನಿಮ್ಮನ್ಯಾಗ ಉದ್ದಂದು ಜಮಖಾನಿ ಐತೆಲ್ಲವಾ, ಪಂಕ್ತಿಗೆ ಹಾಸೂದು. ತಗೊಂಡ ಬಾ” ಎಂದ.

ಅವಳು ತಂದಳು. ಅವನು ಅದನ್ನು ಓಣಿಯಲ್ಲಿ ಉದ್ದಕ್ಕೆ ಹಾಸಿದ. ಮಂಡಿಯೂರಿ ಎರಡೂ ಅಂಗೈಯಿಂದ ಸುಕ್ಕು ತೀಡಿದ. ಆಮೇಲೆ ಮಡಚುತ್ತ ಬಂದ. ಒಂದು ಹಿಂದಕ್ಕೆ, ಒಂದು ಮುಂದಕ್ಕೆ, ತಿರುವಿಗೊಮ್ಮೆ ಟಪ್, ಟಪ್. ಅವನು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಕಂಕುಳಲ್ಲಿ ಹಿಡಿಯುವಷ್ಟು ಗಂಟಾಯಿತು. ಒಂದು ಮೂಲೆಯನ್ನು ಮಾತ್ರ ನಾಲಿಗೆಯ ಹಾಗೆ ಹೊರಗೆ ಬಿಟ್ಟಿದ್ದ.

“ಮಡಚೂದು ದೊಡ್ಡ ಕೆಲಸಲ್ರಿ ಅಕ್ಕಾರ. ಬಿಚ್ಚೂದು ದೊಡ್ಡದು. ಈ ಮೂಲಿ ಹಿಡದ ಒಂದ ಸಲ ಎಳದ್ರ ಪೂರಾ ಬಿಚ್ಕೋಬೇಕು. ನಡಕ ಎಲ್ಲೆರ ಸಿಕ್ಕೊಂಡ್ತು ಅಂದ್ರ, ಒಳಗ ಕುಂತಾಂವ ಯಾರ ಮಗಾನೋ ಏನೋ. ಎಳೀರಿ.”

ನಾನು ಎಳೆಯಲಿಲ್ಲ. ಅಷ್ಟು ಜನರ ಎದುರಿಗೆ ಅದು ನೆಟ್ಟಗೆ ಬಿಚ್ಚಿಕೊಂಡುಬಿಟ್ಟರೆ? ಗಂಟನ್ನು ಕಿತ್ತುಕೊಂಡು ಬಂದು ಕಪಾಟಿನ ಮೇಲೆ ಎಸೆದೆ. ಅವನು ಮಡಚಿದ್ದನ್ನು ನಾನು ಮುಟ್ಟಲಾರೆ ಎಂದು ಅಂದಿನಿಂದ ಪಂಕ್ತಿಗೆ ಚಾಪೆಗಳನ್ನೇ ಹಾಸಿದ್ದೇನೆ.

ಮರುದಿನದಿಂದ ಓಣಿಯಲ್ಲಿ ಇಮಾನಪ್ಪ ಹೋಗಿ ಮಡಿಕೆಪ್ಪ ಬಂದ. ಹೆಸರಿಟ್ಟವಳು ನಾನೇ. ಹದಿನೈದು ದಿನ ಕಟ್ಟೆಗೆ ಬರಲಿಲ್ಲ. ಆದರೆ ನೀಲಾ ಹಾವೇರಿಯಿಂದ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಅವನ ಮನೆಗೆ ಹೋಗತೊಡಗಿದಳು. “ಅರಿವಿ ಮಡಚೂದ ಕಲ್ಯಾಕ ಎಂಜಿನಿಯರಿಂಗ್ ಓದಬೇಕೇನವಾ?” ಎಂದರೆ, “ಅಜ್ಜಿ, ನೀ ಸುಮ್ನಿರ” ಎನ್ನುತ್ತಿದ್ದಳು.

ಹೋದ ವರ್ಷ ಅವನ ಹಳೆಯ ಮಿಗ್‌ಗೆ ನಮ್ಮ ವಾಯುಪಡೆ ವಿದಾಯ ಹೇಳಿತಲ್ಲ, ಆ ದಿನ ಅವನ ಮನೆಯ ಟಿವಿ ಕೆಟ್ಟಿತ್ತು. ಬಿಸಿಲಿನಲ್ಲಿ ಕೋಟು ಹಾಕಿಕೊಂಡು, ಪದಕ ತೂಗುಬಿಟ್ಟುಕೊಂಡು ನಮ್ಮ ಪಡಸಾಲೆಗೆ ಬಂದು ಕೂತ. ಕುರ್ಚಿ ಕೊಟ್ಟೆ. ಚಹಾ ಕೊಟ್ಟೆ. ವಿಮಾನ ಇಳಿಯಿತು, ಬಾಲದಿಂದ ಅರಿವೆ ಬಿಚ್ಚಿಕೊಂಡಿತು. ನಮಗೆಲ್ಲ ನೆಟ್ಟಗೇ ಕಂಡಿತು. ಇವನು ಕುರ್ಚಿಯಿಂದ ಎದ್ದು ನಿಂತು, “ಅರ್ಧ ಕ್ಷಣ ತಡಾ ಆತು! ಯಾಂವ ಮಡಚ್ಯಾನ ಇದನ್ನ?” ಎಂದು ಟಿವಿಯ ಮೇಲೆ ಕೂಗಾಡಿದ. ಟಿವಿಯಲ್ಲಿ ಎಲ್ಲರೂ ಅಳುವ ಹೊತ್ತಿನಲ್ಲಿ ಅವನು ಅಲ್ಲಿಯೂ ತಪ್ಪು ಹುಡುಕಿದ. ಆಮೇಲೆ ಕೂತು, ಆ ಕಂಪನಿಯನ್ನೂ ಈಗ ಅಲ್ಲಿಯ ಇನ್ನೊಂದು ವಿಮಾನದ ಕಂಪನಿಯ ಜೊತೆ ಕೂಡಿಸಿಬಿಟ್ಟಿದ್ದಾರೆ ಎಂದು ಹೇಳಿದ. “ಅತ್ತೀ ಮನಿಗೆ ಹೋತೇಳು” ಎಂದೆ. “ಹೋಗಲ್ರಿ, ಹೆಸರ ಉಳದೈತಿ. ಕಟ್ಟಿದಾವ್ರು ಇಬ್ಬರೂ ಸತ್ತು ಎಷ್ಟೋ ವರ್ಷ ಆತು, ನಡಕಿನ ‘ಮತ್ತ’ ಇನ್ನೂ ಐತಿ” ಎಂದ. ಚಹಾ ಆರಿ ಹೋಗಿತ್ತು. ಕುಡಿಯದೇ ಹೋದ.

ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ಎಂಟು ದಿನ ಮಲಗಿದ, ಹೋದ. ನಾನು ನೋಡಲು ಹೋದಾಗ ಹೊದಿಕೆಯ ಅಂಚನ್ನು ಬೆರಳಿನಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಾಡುತ್ತಿದ್ದ. ಸಾಯುವಾಗಲೂ ಬಿಡಲಿಲ್ಲ ಚಾಳಿಯನ್ನು.

ಅವನು ಹೋದ ಮೇಲೆ ನೀಲಾ ಎರಡನೆಯ ಸಲ ಮೈಸೂರಿಗೆ ಹೋದಳು. ಮತ್ತೆ ಅದೇ ಪ್ರಶ್ನೆ. ಈ ಸಲ ಇವಳು, ‘ನಮ್ಮ ಎದುರು ಮನೆಯ ಅಜ್ಜ ಮಿಗ್‌ನ ಬಾಲದ ಅರಿವೆ ಮಡಚುತ್ತಿದ್ದರು’ ಎಂದಳಂತೆ. ‘ಹೋದ ಸಲ ಹಾರಿಸುತ್ತಿದ್ದರು ಎಂದು ತಪ್ಪು ಹೇಳಿದ್ದೆ’ ಎಂದೂ ತಾನಾಗಿಯೇ ಹೇಳಿದಳಂತೆ. ಅಧಿಕಾರಿ ಪೆನ್ನು ಕೆಳಗಿಟ್ಟರಂತೆ. ಹೇಗೆ ಮಡಚುತ್ತಾರೆ, ಒದ್ದೆ ಇದ್ದರೆ ಏನಾಗುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬಹಳ ಹೊತ್ತು ಕೇಳಿದರಂತೆ. ಇವಳು ಕೈಯಲ್ಲೇ ಗಾಳಿಯನ್ನು ಮಡಚಿ ತೋರಿಸಿದಳಂತೆ. ಕೊನೆಗೆ ಅವರು ‘ಆ ಅಜ್ಜನ ಹೆಸರೇನು?’ ಎಂದು ಕೇಳಿ ಬರೆದುಕೊಂಡರಂತೆ. ನಾನು ಮಾತ್ರ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿ ಎಲ್ಲಿದ್ದಾನೋ, ಇನ್ನಷ್ಟು ಉಬ್ಬುತ್ತಾನೆ.

ಇವತ್ತು ಸಂಜೆ ಎಲ್ಲರೂ ಬಂದರು. ಮಗಳು ಅಳಿಯ ಬ್ಯಾಡಗಿಯಿಂದ ಬಂದರು. ಸೊಸೆ ಹೋಳಿಗೆ ಬೇಯಿಸಿದಳು, ನಾನು ರೊಟ್ಟಿ ಬಡಿದೆ, ಎಣ್ಣೆಗಾಯಿ ಆಯಿತು, ಕಟ್ಟಿನ ಸಾರಾಯಿತು. ನೀಲಾ ಯಾರನ್ನೂ ಕೇಳದೆ ಓಣಿ ದಾಟಿ ಶಾಂತಕ್ಕನ ಕೈ ಹಿಡಿದು ಕರೆತಂದಳು. ಎಲೆ ಹಾಕಬೇಕು, ನೋಡಿದರೆ ಚಾಪೆ ಸಾಲದು. ಮಗ ಕಪಾಟಿನ ಮೇಲಿನ ಗಂಟನ್ನು ಇಳಿಸಿ ತಂದು ನನ್ನ ಮುಂದೆ ಇಟ್ಟ. ಎಲ್ಲರೂ ನನ್ನನ್ನೇ ನೋಡಿದರು. ಆ ಮೂಲೆ ಇನ್ನೂ ನಾಲಿಗೆಯ ಹಾಗೆ ಹೊರಗಿತ್ತು, ನನ್ನನ್ನು ಅಣಕಿಸುತ್ತ.

ಹಿಡಿದು ಎಳೆದೆ. ಒಂದೇ ಎಳೆತ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಸರ್ರೆಂದು ಬಿಚ್ಚಿಕೊಂಡಿತು. ಎಲ್ಲೂ ಸಿಕ್ಕಲಿಲ್ಲ. ಒಂದು ಸುಕ್ಕಿಲ್ಲ. ಹಾಳಾದವನು.

“ನಮ್ಮನ್ಯಾಗ ಹೊದಿಕಿ ಎಲ್ಲಾ ಹಿಂಗ ಅದಾವ್ರಿ ಅಕ್ಕಾರ. ಬಿಚ್ಚಾಕ ಮನಸ ಬರವಲ್ದು” ಎಂದಳು ಶಾಂತಕ್ಕ.

“ಚಳೀ ಬಂದ್ರ ಏನ್ ಹೊಚ್ಕೋತೀದಿ? ಬಿಚ್ಚು. ನಮ್ಮ ನೀಲಾ ಮತ್ತ ಮಡಚಿ ಕೊಡತಾಳ” ಎಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು.

ಎಲ್ಲರೂ ಆ ಜಮಖಾನೆಯ ಮೇಲೆ ಒಂದೇ ಸಾಲಿನಲ್ಲಿ ಕೂತರು. ನಡುವೆ ನೀಲಾ, ಅವಳ ಮಗ್ಗುಲಿಗೆ ಶಾಂತಕ್ಕ. ನಾನು ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಆ ತುದಿಯಿಂದ ಈ ತುದಿಯವರೆಗೆ, ಬೇಡ ಬೇಡ ಎಂದವರ ಎಲೆಗೂ ಹಾಕುತ್ತ, “ಮತ್ತ?” “ಮತ್ತ?” ಎಂದು ಕೇಳುತ್ತ ಹೋದೆ. ಆಮೇಲೆ ನಾನೂ ಕೂತು ಉಂಡೆ.